ಭದ್ರತಾ ಮಂಡಳಿಯ ಒಂದು ಖುರ್ಚಿಗೆ 155 ಸುತ್ತು ಮತದಾನ: ಅಣಕು ಮಹಾಸಭೆಯಲ್ಲಿ ಇದನ್ನು ನಡೆಸುವುದು ಹೇಗೆ?

ತೋಳಹುಣಸೆ_ಗೇಟ್ (ಪ್ರಶ್ನೆ)

ದಾವಣಗೆರೆಯ ಪದವಿ ಕಾಲೇಜೊಂದರ ರಾಜ್ಯಶಾಸ್ತ್ರ ವಿಭಾಗದಲ್ಲಿ ಒಂದು ದಿನದ ಅಣಕು ವಿಶ್ವಸಂಸ್ಥೆ ಮಹಾಸಭೆ ಇದೆ. 60 ವಿದ್ಯಾರ್ಥಿಗಳು, ತಲೆಗೊಂದು ದೇಶ. ವಿಷಯ 1979ರದ್ದು: ಭದ್ರತಾ ಮಂಡಳಿಯ ಲ್ಯಾಟಿನ್ ಅಮೆರಿಕದ ಪಾಲಿನ ಖುರ್ಚಿಗೆ ಕ್ಯೂಬಾ, ಕೊಲಂಬಿಯಾ ಇಬ್ಬರೂ ಪಟ್ಟು ಹಿಡಿದು ಕೂತು, 154 ಸುತ್ತು ಮತ ಹಾಕಿದರೂ ಯಾರೂ ಗೆಲ್ಲದೆ, 155ನೇ ಸುತ್ತಿನಲ್ಲಿ ಮೆಕ್ಸಿಕೊ ಆಯ್ಕೆಯಾದ ಪ್ರಕರಣ. ಸಭಾಂಗಣ ಬೆಳಿಗ್ಗೆ 10ರಿಂದ ಸಂಜೆ 4.30ರವರೆಗೆ ಸಿಗುತ್ತದೆ. ಜಗಳೂರು, ಹೊನ್ನಾಳಿ ಬಸ್ಸು ಹಿಡಿಯುವವರು ಇದ್ದಾರೆ, ಆಮೇಲೆ ಐದು ನಿಮಿಷವೂ ಎಳೆಯುವಂತಿಲ್ಲ.

ಸಂಘಟಕರಲ್ಲೇ ಒಮ್ಮತ ಇಲ್ಲ. ಗೆಲ್ಲಲು ಬೇಕಾದ ಮೂರನೇ ಎರಡರಷ್ಟು ಅಂದರೆ ಒಟ್ಟು ಸದಸ್ಯರಲ್ಲೋ, ಹಾಕಿದ ಮತಗಳಲ್ಲೋ? ಎಷ್ಟು ಸುತ್ತಾದರೂ ಬಗೆಹರಿಯದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಸಮಬಲ ಆದಾಗ ಮಾಡುವ ಹಾಗೆ ಅಧ್ಯಕ್ಷರು ಚೀಟಿ ಎತ್ತಬಹುದೇ? ಮೂರನೇ ದೇಶ ಯಾವ ಹೊತ್ತಿನಲ್ಲಾದರೂ ಒಳಗೆ ಬರಬಹುದೇ? ಎಲ್ಲಕ್ಕಿಂತ ಮುಖ್ಯ: 155 ಸುತ್ತು ಅಂತೂ ಆಗುವುದಿಲ್ಲ, 12–15 ಸುತ್ತಿನಲ್ಲಿ ನಿಜವಾದ ಬಿಕ್ಕಟ್ಟಿನ ಅನುಭವ ಬರುವಂತೆ ದೇಶಗಳನ್ನು, ಮತಗಳನ್ನು ಹೇಗೆ ಹಂಚಬೇಕು?

ದುರ್ಗದ_ಕಡತ

ಮೊದಲು ಲೆಕ್ಕ. ವಿಶ್ವಸಂಸ್ಥೆ ಸನ್ನದಿನ 18ನೇ ವಿಧಿ ಹೇಳುವುದು "ಹಾಜರಿದ್ದು ಮತ ಹಾಕಿದ ಸದಸ್ಯರ" ಮೂರನೇ ಎರಡರಷ್ಟು. ಮಹಾಸಭೆಯ ಕಾರ್ಯವಿಧಾನ ನಿಯಮ 86ರ ಪ್ರಕಾರ ತಟಸ್ಥರಾಗಿ ಉಳಿದವರು ಮತ ಹಾಕಿದವರ ಲೆಕ್ಕಕ್ಕೆ ಬರುವುದಿಲ್ಲ. ಕುಲಗೆಟ್ಟ ಮತಗಳೂ ಬರುವುದಿಲ್ಲ. ಹಾಗಾಗಿ ಗೆಲುವಿನ ಅಂಕಿ ಪ್ರತಿ ಸುತ್ತಿಗೂ ಬದಲಾಗುತ್ತದೆ. ಈಗಿನ 193 ಸದಸ್ಯರೂ ಸಿಂಧುವಾಗಿ ಮತ ಹಾಕಿದರೆ 129 ಬೇಕು. 191 ಆದರೆ 128. ನಿಮ್ಮ 60ರಲ್ಲಿ ಎಲ್ಲರೂ ಹಾಕಿದರೆ 40, ಇಬ್ಬರು ಖಾಲಿ ಚೀಟಿ ಹಾಕಿದರೆ 58ಕ್ಕೆ 39, ಮೂವರಾದರೆ 57ಕ್ಕೆ 38. ಭಿನ್ನರಾಶಿ ಬಂದರೆ ಯಾವಾಗಲೂ ಮೇಲಕ್ಕೆ. ಕ್ಯೂಬಾ, ಕೊಲಂಬಿಯಾ ಪ್ರತಿನಿಧಿಗಳೂ ಮತ ಹಾಕುತ್ತಾರೆ, ಅದನ್ನು ಮರೆಯಬೇಡಿ.

ಈ ಅಂಕಿಯನ್ನು ತಿರುಗಿಸಿ ನೋಡಿದರೆ ಬಿಕ್ಕಟ್ಟಿನ ಗುಟ್ಟು ಸಿಗುತ್ತದೆ. 193ರಲ್ಲಿ 65 ಮತ ಕೈಯಲ್ಲಿದ್ದವನು ಗೆಲ್ಲಲಾರ, ಆದರೆ ಎದುರಾಳಿಯನ್ನು ಗೆಲ್ಲಲು ಬಿಡುವುದೂ ಇಲ್ಲ. 60ರಲ್ಲಿ ಆ ಅಂಕಿ 21. ಇಬ್ಬರೂ 21 ದಾಟಿದ್ದಾರೆ, ಇಬ್ಬರೂ 40 ಮುಟ್ಟಿಲ್ಲ ಅಂದರೆ ಆ ಚುನಾವಣೆ ಮತಪೆಟ್ಟಿಗೆಯಿಂದ ಮುಗಿಯುವುದಿಲ್ಲ. ಎಷ್ಟು ಸುತ್ತಾದರೂ ಅಷ್ಟೆ. ಕಡಿಮೆ ಮತ ಬಂದವನನ್ನು ಕೈಬಿಡುವ ನಿಯಮ ಇದೆ, ಆದರೆ ಕಣದಲ್ಲಿ ಇಬ್ಬರೇ ಉಳಿದ ಮೇಲೆ ಅದರಿಂದ ಏನೂ ಪ್ರಯೋಜನವಿಲ್ಲ.

ಎರಡನೆಯದು ಸುತ್ತುಗಳ ಲಯ. ಒಂದೇ ಖುರ್ಚಿ ಉಳಿದಾಗ ನಿಯಮ 93 ಅನ್ವಯ. ಮೊದಲ ಸುತ್ತು ಮುಕ್ತ: ಆ ಪ್ರದೇಶದ ಅರ್ಹ ದೇಶ ಯಾವುದಕ್ಕಾದರೂ ಹಾಕಬಹುದು. ಯಾರೂ ಗೆಲ್ಲದಿದ್ದರೆ 2, 3, 4ನೇ ಸುತ್ತು ಅತಿ ಹೆಚ್ಚು ಮತ ಬಂದ ಇಬ್ಬರಿಗೆ ಮಾತ್ರ ಸೀಮಿತ. ಆಮೇಲೆ 5, 6, 7 ಮತ್ತೆ ಮುಕ್ತ. 8, 9, 10 ಸೀಮಿತ. 11, 12, 13 ಮುಕ್ತ. ಹೀಗೆ ಮೂರು ಮೂರರ ಸರದಿ. ಸುತ್ತಿನ ಸಂಖ್ಯೆಯನ್ನು 6ರಿಂದ ಭಾಗಿಸಿ: ಶೇಷ 5, 0 ಅಥವಾ 1 ಬಂದರೆ ಮುಕ್ತ, 2, 3, 4 ಬಂದರೆ ಸೀಮಿತ. ಮೂರನೇ ದೇಶ ಬರಬಹುದಾದದ್ದು ಮುಕ್ತ ಸುತ್ತಿನಲ್ಲಿ ಮಾತ್ರ. ಮೆಕ್ಸಿಕೊ ಗೆದ್ದ 155ನ್ನು ಭಾಗಿಸಿ ನೋಡಿ, ಶೇಷ 5. 2006ರಲ್ಲಿ ಪನಾಮಾ ಗೆದ್ದದ್ದು 48ನೇ ಸುತ್ತಿನಲ್ಲಿ, ಶೇಷ 0. ಎರಡೂ ಬಾಗಿಲು ತೆರೆದಿದ್ದ ಸುತ್ತುಗಳೇ.

ಮೂರನೆಯದು ಅರ್ಹತೆ. ನಾಮಪತ್ರ ಸಲ್ಲಿಸುವ ಪದ್ಧತಿಯೇ ಇಲ್ಲ. ನಿಯಮ 92 ಹೇಳುವುದು ಗುಪ್ತ ಮತದಾನ, ನಾಮನಿರ್ದೇಶನ ಇಲ್ಲ. ಹಾಗಾಗಿ "ನಾವು ಸ್ಪರ್ಧಿಸಿಲ್ಲ" ಅಂದ ದೇಶಕ್ಕೂ ಮುಕ್ತ ಸುತ್ತಿನಲ್ಲಿ ಮತ ಬೀಳಬಹುದು, ಅದು ಸಿಂಧು. ಆದರೆ ಅವಧಿ ಮುಗಿಸಿ ಇಳಿಯುತ್ತಿರುವ ದೇಶ ಕೂಡಲೇ ಮರು ಆಯ್ಕೆ ಆಗುವಂತಿಲ್ಲ (23ನೇ ವಿಧಿ), ಆಗಲೇ ಕೂತಿರುವ ದೇಶಕ್ಕೂ ಹಾಕುವಂತಿಲ್ಲ. 1979ರಲ್ಲಿ ಆ ಭಾಗದಿಂದ ಇಳಿಯುತ್ತಿದ್ದುದು ಬೊಲಿವಿಯಾ, ಮುಂದಿನ ವರ್ಷಕ್ಕೂ ಉಳಿಯುತ್ತಿದ್ದುದು ಜಮೈಕಾ. ಯಾರಾದರೂ ಈ ಎರಡರ ಹೆಸರು ಬರೆದರೆ ಮತ ಕುಲಗೆಟ್ಟಿತು. ನಿಮ್ಮ ಎಣಿಕೆದಾರರ ಮೇಜಿನ ಮೇಲೆ ಈ ಎರಡು ಹೆಸರು ದೊಡ್ಡದಾಗಿ ಬರೆದಿಡಿ.

ಪಿಜೆ_ಬಡಾವಣೆ

ಚೀಟಿ ಎತ್ತುವುದು ವಿಶ್ವಸಂಸ್ಥೆಯಲ್ಲೂ ಇದೆ ರೀ. ನೀವೇ ಹೇಳಿದ ನಿಯಮ 93ರಲ್ಲೇ ಬರೆದಿದೆ, ಸಮಬಲ ಆದರೆ ಅಧ್ಯಕ್ಷರು ಲಾಟರಿ ಮೂಲಕ ತೀರ್ಮಾನಿಸುತ್ತಾರೆ ಅಂತ. 4.15ಕ್ಕೆ ಸಮಬಲ ಮಾಡಿಸಿ, ಚೀಟಿ ಎತ್ತಿ ಮುಗಿಸಿಬಿಡಿ. ಬಸ್ಸೂ ಸಿಗುತ್ತದೆ.

ದುರ್ಗದ_ಕಡತ

ಅದೇ ನಿಯಮದ ಮುಂದಿನ ವಾಕ್ಯವನ್ನೂ ಓದಿ. ಲಾಟರಿ ಇರುವುದು ಸರಳ ಬಹುಮತ ಸಾಕಾಗುವ ಚುನಾವಣೆಗಳಿಗೆ. ಮೂರನೇ ಎರಡರಷ್ಟು ಬೇಕಾದ ಕಡೆ "ಒಬ್ಬರಿಗೆ ಅಷ್ಟು ಮತ ಬರುವ ತನಕ ಮತದಾನ ಮುಂದುವರಿಯಬೇಕು" ಎಂದೇ ಇದೆ. ಭದ್ರತಾ ಮಂಡಳಿ ಎರಡನೇ ಸಾಲಿಗೆ ಸೇರುತ್ತದೆ. 2006ರ ಆರನೇ ಸುತ್ತಿನಲ್ಲಿ ಗ್ವಾಟೆಮಾಲಾ 93, ವೆನೆಜುವೆಲಾ 93 ಬಂತು. ಚೀಟಿ ಎತ್ತಲಿಲ್ಲ, ಏಳನೇ ಸುತ್ತಿಗೆ ಹೋದರು. 2016ರ ಐದನೇ ಸುತ್ತಿನಲ್ಲಿ ಇಟಲಿ 95, ನೆದರ್ಲೆಂಡ್ಸ್ 95. ಆಗಲೂ ಲಾಟರಿ ಇಲ್ಲ.

ಅಣಕು ಸಭೆಯಲ್ಲಿ ಚೀಟಿ ಎತ್ತಿದರೆ ಮಕ್ಕಳು ಕಲಿಯುವುದು ಗ್ರಾಮ ಪಂಚಾಯಿತಿ ನಿಯಮ. ಅದಕ್ಕೆ ಕ್ಯೂಬಾ, ಕೊಲಂಬಿಯಾ ಬೇಕಾಗಿಲ್ಲ.

ಭದ್ರಾ_ನಾಲೆ

ಬಿಕ್ಕಟ್ಟುಗಳು ಹೇಗೆ ಮುಗಿದವು ಅನ್ನುವುದನ್ನು ಹೇಳುತ್ತೇನೆ. ದಿನದ ವಿನ್ಯಾಸ ನಿಂತಿರುವುದು ಅದರ ಮೇಲೆ.

1979ರಲ್ಲಿ ಮತದಾನ ಶುರುವಾದದ್ದು ಅಕ್ಟೋಬರ್ 26ಕ್ಕೆ. ಆಗ ಸದಸ್ಯ ದೇಶಗಳು 152. ಅಧ್ಯಕ್ಷ ಪೀಠದಲ್ಲಿ ತಾಂಜಾನಿಯಾದ ಸಲೀಂ ಅಹಮದ್ ಸಲೀಂ. ಮೊದಲ ಸುತ್ತು ಕ್ಯೂಬಾ 77, ಕೊಲಂಬಿಯಾ 68. ಸೆಪ್ಟೆಂಬರಿನಲ್ಲಷ್ಟೇ ಹವಾನಾದಲ್ಲಿ ಅಲಿಪ್ತ (ಅಮೆರಿಕ, ಸೋವಿಯತ್ ಎರಡೂ ಪಾಳೆಯಕ್ಕೆ ಸೇರದ) ದೇಶಗಳ ಶೃಂಗಸಭೆ ಮುಗಿದು ಕ್ಯೂಬಾ ಅದರ ಅಧ್ಯಕ್ಷ ಸ್ಥಾನದಲ್ಲಿತ್ತು, ಅದೇ ಅದರ ಬಲ. ಸೋವಿಯತ್ ಪಾಳೆಯದ ದೇಶಕ್ಕೆ ಆ ಖುರ್ಚಿ ಹೋಗಬಾರದು ಎಂಬುದು ಕೊಲಂಬಿಯಾ ಹಿಂದಿದ್ದವರ ಬಲ. ಎರಡು ತಿಂಗಳು ಯಾರೂ ಜಗ್ಗಲಿಲ್ಲ. ಡಿಸೆಂಬರ್ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಅಲಿಪ್ತ ದೇಶವೊಂದರ ಮೇಲೆ ದಾಳಿ ಮಾಡಿದವನ ಆಪ್ತನಿಗೆ ಅಲಿಪ್ತರ ಹೆಸರಿನಲ್ಲಿ ಮತ ಕೇಳುವುದು ಕಷ್ಟವಾಯಿತು. ಕ್ಯೂಬಾ ಹಿಂದೆ ಸರಿಯಿತು, ಕೊಲಂಬಿಯಾವೂ ಸರಿಯಿತು. 1980ರ ಜನವರಿ 7ರಂದು ಮೆಕ್ಸಿಕೊಗೆ 133 ಮತ. ಗಮನಿಸಿ: ಎದುರಾಳಿ ದುರ್ಬಲನಾದ ಅಂತ ಕೊಲಂಬಿಯಾ ಗೆಲ್ಲಲಿಲ್ಲ. ಕ್ಯೂಬಾವನ್ನು ಬಿಟ್ಟವರು ಕೊಲಂಬಿಯಾಕ್ಕೆ ಬರಲು ತಯಾರಿರಲಿಲ್ಲ.

2006ರದ್ದು ಹೆಚ್ಚು ಕಡಿಮೆ ಅದೇ ಕಥೆ. ಸೆಪ್ಟೆಂಬರಿನಲ್ಲಿ ವೆನೆಜುವೆಲಾ ಅಧ್ಯಕ್ಷ ಚಾವೆಜ್ ಮಹಾಸಭೆಯ ವೇದಿಕೆಯಲ್ಲೇ ಅಮೆರಿಕ ಅಧ್ಯಕ್ಷ ಬುಷ್ ಅವರನ್ನು ಸೈತಾನ ಅಂದಿದ್ದರು. ಅಕ್ಟೋಬರ್ 16ರ ಮೊದಲ ಸುತ್ತಿನಲ್ಲಿ ಅಮೆರಿಕ ಬೆಂಬಲಿಸಿದ ಗ್ವಾಟೆಮಾಲಾಗೆ 109, ವೆನೆಜುವೆಲಾಗೆ 76. ಆರನೇ ಸುತ್ತಿನ ಸಮಬಲ ಬಿಟ್ಟರೆ ಗ್ವಾಟೆಮಾಲಾ ಸದಾ ಮುಂದೆ, ಗೆಲುವು ಮಾತ್ರ ಇಲ್ಲ. 47 ಸುತ್ತಾದ ಮೇಲೆ ಈಕ್ವೆಡಾರ್ ನಿಯೋಗದ ಕಚೇರಿಯಲ್ಲಿ ಎರಡೂ ದೇಶದ ವಿದೇಶಾಂಗ ಮಂತ್ರಿಗಳು ಕೂತು ಪನಾಮಾ ಹೆಸರಿಗೆ ಒಪ್ಪಿದರು. ನವೆಂಬರ್ 7ರಂದು ಪನಾಮಾಗೆ 164 ಮತ. ತೀರ್ಮಾನ ಆದದ್ದು ಸಭಾಂಗಣದ ಹೊರಗೆ, ಒಳಗೆ ಆದದ್ದು ಮೊಹರು ಮಾತ್ರ.

ಇನ್ನೊಂದು ದಾರಿ ಅವಧಿ ಹಂಚಿಕೊಳ್ಳುವುದು. ಕಾಯಂ ಅಲ್ಲದ ಖುರ್ಚಿ ಬರೀ ಆರು ಇದ್ದ ಕಾಲದಲ್ಲಿ ಇದು ನಡೆಯುತ್ತಿತ್ತು. 1955ರಲ್ಲಿ ಯುಗೊಸ್ಲಾವಿಯ, ಫಿಲಿಪೀನ್ಸ್ ಒಂದೊಂದು ವರ್ಷ. 1959ರಲ್ಲಿ 50ಕ್ಕೂ ಹೆಚ್ಚು ಸುತ್ತಿನ ನಂತರ ಪೋಲೆಂಡ್ 1960ಕ್ಕೆ, ಟರ್ಕಿ 1961ಕ್ಕೆ. 1965ರಲ್ಲಿ ಖುರ್ಚಿ ಹತ್ತಕ್ಕೇರಿ, ಯಾವ ಪ್ರದೇಶಕ್ಕೆ ಎಷ್ಟು ಎಂದು ನಿಗದಿಯಾದ ಮೇಲೆ ಈ ಪದ್ಧತಿ ನಿಂತಿತು. ಮತ್ತೆ ಕಂಡದ್ದು 2016ರಲ್ಲಿ, ಇಟಲಿ 2017ಕ್ಕೆ, ನೆದರ್ಲೆಂಡ್ಸ್ 2018ಕ್ಕೆ.

ಮೂರನೇ ದಾರಿ, ಒಬ್ಬ ಸುಮ್ಮನೆ ಸೋತು ಎದ್ದುಹೋಗುವುದು. 2011ರಲ್ಲಿ ಪೂರ್ವ ಯುರೋಪಿನ ಖುರ್ಚಿಗೆ 16 ಸುತ್ತಾದ ಮೇಲೆ ಸ್ಲೊವೇನಿಯಾ ಹಿಂದೆ ಸರಿಯಿತು, 17ನೇ ಸುತ್ತಿನಲ್ಲಿ ಅಜರ್‌ಬೈಜಾನ್‌ಗೆ 155. ಅಪರೂಪಕ್ಕೆ ಮತಪೆಟ್ಟಿಗೆಯೇ ಕೆಲಸ ಮಾಡುವುದೂ ಉಂಟು: 2020ರಲ್ಲಿ ಕೀನ್ಯಾ 113, ಜಿಬೂಟಿ 78 ಇದ್ದದ್ದು ಮರುದಿನ 129–62 ಆಯಿತು, ಬೇಕಿದ್ದದ್ದು 128. ಒಂದೇ ಮತದ ಅಂತರದಲ್ಲಿ ದಾಟಿತು. ಅದೇ ಚುನಾವಣೆಯಲ್ಲಿ ತನ್ನ ಗುಂಪಿನ ಏಕೈಕ ಅಭ್ಯರ್ಥಿಯಾಗಿದ್ದ ಭಾರತಕ್ಕೆ 192ರಲ್ಲಿ 184. ಪೈಪೋಟಿ ಇದ್ದಾಗ ಭಾರತದ ಪಾಡು ಬೇರೆ: 1996ರಲ್ಲಿ ಜಪಾನ್ 142, ನಾವು 40. ಅಲ್ಲಿ ಬಿಕ್ಕಟ್ಟಿಗೂ ಜಾಗ ಇರಲಿಲ್ಲ, ತಡೆಯುವಷ್ಟು ಮತವೇ ಇರಲಿಲ್ಲ.

ಒಂದು ಮೋಜಿನ ಸಂಗತಿ, ವಿದ್ಯಾರ್ಥಿಗಳಿಗೆ ಕೊನೆಗೆ ಹೇಳಬಹುದು: ಕೊಲಂಬಿಯಾ 1989–90ಕ್ಕೆ, ಕ್ಯೂಬಾ 1990–91ಕ್ಕೆ ಆಯ್ಕೆಯಾದವು. 1990ರಲ್ಲಿ ಇಬ್ಬರೂ ಒಂದೇ ಮೇಜಿನ ಸುತ್ತ ಕೂತಿದ್ದರು.

ಹೊಸದುರ್ಗ_ಲಾ

ನಡುವೆ ಬಾಯಿ ಹಾಕುತ್ತಿದ್ದೇನೆ. 2017ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಭಾರತದ ದಲ್ವೀರ್ ಭಂಡಾರಿ ಆಯ್ಕೆಯಾದಾಗಲೂ ಹೀಗೇ ಸುತ್ತು ಮೇಲೆ ಸುತ್ತು ನಡೆಯಿತಲ್ಲ. ಅದನ್ನೇ ವಿಷಯ ಮಾಡಿಕೊಂಡರೆ ನಮ್ಮ ಹುಡುಗರಿಗೆ ಹತ್ತಿರ ಅನ್ನಿಸುವುದಿಲ್ಲವೇ? ಅಲ್ಲೂ ಮೂರನೇ ಎರಡರಷ್ಟೇ ಬೇಕಿತ್ತಾ?

ದುರ್ಗದ_ಕಡತ

ಇಲ್ಲ, ಅದರ ಯಂತ್ರವೇ ಬೇರೆ. ನ್ಯಾಯಾಧೀಶರನ್ನು ಮಹಾಸಭೆ ಮತ್ತು ಭದ್ರತಾ ಮಂಡಳಿ ಏಕಕಾಲಕ್ಕೆ, ಬೇರೆ ಬೇರೆ ಕೋಣೆಯಲ್ಲಿ ಆರಿಸುತ್ತವೆ. ಎರಡೂ ಕಡೆ ನಿಚ್ಚಳ ಬಹುಮತ ಬೇಕು, ಅಂದರೆ ಮಹಾಸಭೆಯಲ್ಲಿ 97, ಮಂಡಳಿಯಲ್ಲಿ 8. ಮಂಡಳಿಯಲ್ಲಿ ವೀಟೋ ಇಲ್ಲ, ಕಾಯಂ ಸದಸ್ಯನದ್ದೂ ಒಂದೇ ಮತ. 2017ರಲ್ಲಿ ಐದು ಖುರ್ಚಿಗೆ ಆರು ಮಂದಿ. ನವೆಂಬರ್ 9ರಂದು ನಾಲ್ವರು ಆಯ್ಕೆಯಾಗಿ ಭಂಡಾರಿ ಮತ್ತು ಬ್ರಿಟನ್ನಿನ ಕ್ರಿಸ್ಟೊಫರ್ ಗ್ರೀನ್‌ವುಡ್ ಉಳಿದರು. ಮಹಾಸಭೆಯಲ್ಲಿ ಭಂಡಾರಿ ಬಹಳ ಮುಂದೆ, ಮಂಡಳಿಯಲ್ಲಿ ಗ್ರೀನ್‌ವುಡ್‌ಗೆ ಒಂಬತ್ತು ಮತದ ಆಸರೆ. ಅಂದರೆ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬ ಗೆಲ್ಲುತ್ತಿದ್ದ. ಬಿಕ್ಕಟ್ಟು ಹುಟ್ಟಿದ್ದು ಮತ ಸಾಲದೆ ಅಲ್ಲ, ಎರಡು ಕೋಣೆಯ ತೀರ್ಪು ಹೊಂದದೆ.

ಅದಕ್ಕೆ ನ್ಯಾಯಾಲಯದ ಶಾಸನದಲ್ಲಿ ಬೇರೆಯೇ ಬಾಗಿಲಿದೆ. ಮೂರು ಸಭೆ ಆದರೂ ಖುರ್ಚಿ ಖಾಲಿ ಉಳಿದರೆ, ಯಾವುದಾದರೂ ಒಂದು ಕಡೆಯವರು ಕೇಳಿದರೆ, ತಲಾ ಮೂವರ ಜಂಟಿ ಸಮಿತಿ ರಚಿಸಿ ಒಂದು ಹೆಸರು ಸೂಚಿಸಬಹುದು (12ನೇ ವಿಧಿ). ಅದೂ ಕೈಕೊಟ್ಟರೆ ಆಗಲೇ ಆಯ್ಕೆಯಾಗಿರುವ ನ್ಯಾಯಾಧೀಶರೇ ಖಾಲಿ ಜಾಗ ತುಂಬುತ್ತಾರೆ. ಅವರಲ್ಲಿ ಸಮಬಲ ಬಂದರೆ ಹಿರಿಯ ವಯಸ್ಸಿನವರದ್ದು ನಿರ್ಣಾಯಕ ಮತ. ಅಷ್ಟು ದೂರ ಹೋಗಲಿಲ್ಲ. ನವೆಂಬರ್ 20ರಂದು ಬ್ರಿಟನ್ ತನ್ನ ಅಭ್ಯರ್ಥಿಯನ್ನು ಹಿಂತೆಗೆದುಕೊಂಡಿತು, ಭಂಡಾರಿಗೆ ಮಹಾಸಭೆಯಲ್ಲಿ 183, ಮಂಡಳಿಯಲ್ಲಿ 15ಕ್ಕೆ 15. 1946ರಲ್ಲಿ ನ್ಯಾಯಾಲಯ ಶುರುವಾದ ಮೇಲೆ ಬ್ರಿಟನ್ನಿನ ನ್ಯಾಯಾಧೀಶರಿಲ್ಲದ ಪೀಠ ಅದೇ ಮೊದಲು.

60 ವಿದ್ಯಾರ್ಥಿಗಳಿಗೆ ಇದು ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ. ಎರಡು ಕೋಣೆ, ಎರಡು ಎಣಿಕೆ ತಂಡ ಬೇಕು. ಒಂದು ಕಡೆಯ ಫಲಿತಾಂಶ ಇನ್ನೊಂದು ಕಡೆಗೆ ಮುಂಚೆ ಸೋರಿದರೆ ಆಟವೇ ಕೆಟ್ಟಿತು. ಮೊಬೈಲ್ ಇರುವ ಕಾಲದಲ್ಲಿ ಸೋರದಂತೆ ತಡೆಯುವುದು ಆಗದ ಮಾತು. ಹತ್ತಿರ ಅನ್ನಿಸಬೇಕು ಅಂದರೆ ಉದ್ಘಾಟನೆಯಲ್ಲಿ ಬಿ.ಎನ್. ರಾವ್ ಹೆಸರು ಹೇಳಿ. ಮಂಗಳೂರಿನಲ್ಲಿ ಹುಟ್ಟಿದವರು, ಭಾರತ ಮೊದಲ ಬಾರಿ ಭದ್ರತಾ ಮಂಡಳಿಯಲ್ಲಿ ಕೂತ 1950–51ರಲ್ಲಿ ನಮ್ಮ ಪ್ರತಿನಿಧಿ. ಕೊರಿಯಾ ಯುದ್ಧ ಶುರುವಾದ 1950ರ ಜೂನ್‌ನಲ್ಲಿ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದವರು ಅವರೇ. 1952ರಲ್ಲಿ ಅದೇ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು.

ಮಂಡಿಪೇಟೆ_ಕಾಗದ

ಈಗ ಕೆಲಸದ ಮಾತು. ಇಂಥ ಅಣಕು ಮತದಾನ ಕೆಡುವುದು ಸಾಮಾನ್ಯವಾಗಿ ಮೂರು ಕಡೆ: ಸಮಯ, ಚೀಟಿ, ಗುಟ್ಟಿನ ಸೂಚನೆ.

ಸಮಯ. 60 ಜನರ ಒಂದು ಸುತ್ತಿಗೆ ಚೀಟಿ ಹಂಚಲು 2 ನಿಮಿಷ, ಬರೆಯಲು 1, ಪೆಟ್ಟಿಗೆ ತಿರುಗಿಸಲು 2, ಎಣಿಕೆಗೆ 4, ಘೋಷಣೆಗೆ 1, ಒಟ್ಟು 10 ಹಿಡಿಯಿರಿ. 13 ಸುತ್ತಿಗೆ 130 ನಿಮಿಷ. 10ರಿಂದ 4.30ಕ್ಕೆ ಇರುವುದು 390. ಉದ್ಘಾಟನೆಗೆ 30, ಊಟಕ್ಕೆ 45 ಕಳೆದರೆ 315. ಉಳಿದ 185 ನಿಮಿಷ ಮಾತುಕತೆಗೆ. ಅದನ್ನು ಉಳಿಸಿಕೊಳ್ಳಿ, ಭಾಷಣಕ್ಕೆ ಕೊಡಬೇಡಿ. ಮತದಾನ ಶುರುವಾಯಿತು ಎಂದು ಅಧ್ಯಕ್ಷರು ಘೋಷಿಸಿದ ಮೇಲೆ, ಮತದಾನ ನಡೆಸುವ ರೀತಿಯ ಬಗ್ಗೆ ಆಕ್ಷೇಪ ಇದ್ದರೆ ಹೊರತು ಯಾರೂ ನಡುವೆ ಎದ್ದು ಮಾತಾಡುವಂತಿಲ್ಲ, ಅದು ನಿಯಮ 88. ಸಂಧಾನ ಬೇಕಾದರೆ ಒಂದು ಸುತ್ತಿನ ಫಲಿತಾಂಶ ಬಂದ ಮೇಲೆ ಸಭೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಕೇಳಬೇಕು.

ಸುತ್ತು 1ರಿಂದ 4 ಬೆಳಿಗ್ಗೆ, 5–7 ಊಟಕ್ಕೆ ಮುಂಚೆ, 8–10 ಊಟದ ಮೇಲೆ, 11–13 ಕೊನೆಗೆ. ಮೇಲೆ ಹೇಳಿದ ಲಯದ ಪ್ರಕಾರ 11–13 ಮುಕ್ತ. ಅದು ತಪ್ಪಿದರೆ ಮುಂದಿನ ಮುಕ್ತ ಸುತ್ತು 17ನೆಯದು, ಅಷ್ಟು ಹೊತ್ತು ನಿಮಗಿಲ್ಲ. ಆದ್ದರಿಂದ 10ನೇ ಸುತ್ತು ಮುಗಿಯುವಷ್ಟರಲ್ಲಿ ಮೂರನೇ ಹೆಸರು ಸಿದ್ಧ ಇರಬೇಕು, ಆದರೆ ಅದನ್ನು ಸಂಧಾನಕಾರರಿಗೆ ಹೇಳಬೇಡಿ. ಸರದಿಯ ನಿಯಮವನ್ನಷ್ಟೇ ಕೈಪಿಡಿಯಲ್ಲಿ ಅಚ್ಚು ಹಾಕಿ ಕೊಡಿ. ಲೆಕ್ಕ ಹಾಕಿದವರಿಗೆ ಗೊತ್ತಾಗುತ್ತದೆ, ಅದೇ ಪರೀಕ್ಷೆ.

ಚೀಟಿ. ಹೆಸರು ಮುದ್ರಿಸಬೇಡಿ, ಒಂದೇ ಒಂದು ಖಾಲಿ ಗೆರೆ ಇರಲಿ, ದೇಶದ ಹೆಸರನ್ನು ಅವರೇ ಬರೆಯಲಿ. ಸುತ್ತಿನ ಸಂಖ್ಯೆ ಮಾತ್ರ ಮುಂಚೆಯೇ ಅಚ್ಚಾಗಿರಬೇಕು, ಇಲ್ಲದಿದ್ದರೆ ಆರನೇ ಸುತ್ತಿನ ಚೀಟಿ ಏಳನೆಯದಕ್ಕೆ ಬಿದ್ದು 61 ಮತ ಬರುತ್ತದೆ. ಮುಕ್ತ ಸುತ್ತಿಗೆ ಬಿಳಿ, ಸೀಮಿತ ಸುತ್ತಿಗೆ ಹಳದಿ. ಎ4 ಹಾಳೆಯಲ್ಲಿ ಎಂಟು ಚೀಟಿ; 15 ಸುತ್ತಿಗೆ 900 ಚೀಟಿ ಅಂದರೆ 113 ಹಾಳೆ, ಮಂಡಿಪೇಟೆಯಲ್ಲಿ ಬಣ್ಣದ ಕಾಗದ ಕಟ್ಟುಗಟ್ಟಲೆ ಸಿಗುತ್ತದೆ. ಖಾಲಿ ಚೀಟಿ ತಟಸ್ಥ. ಎರಡು ಹೆಸರು ಬರೆದಿದ್ದರೆ ಕುಲಗೆಟ್ಟದ್ದು. ಹಳದಿ ಚೀಟಿಯಲ್ಲಿ ಮೂರನೇ ದೇಶ ಇದ್ದರೂ ಕುಲಗೆಟ್ಟದ್ದು. ಘೋಷಣೆಯ ಕ್ರಮವೂ ಅಲ್ಲಿನ ಹಾಗೇ ಇರಲಿ: ಒಟ್ಟು ಚೀಟಿ, ಕುಲಗೆಟ್ಟವು, ಸಿಂಧು, ತಟಸ್ಥ, ಮತ ಹಾಕಿದವರು, ಬೇಕಾದ ಬಹುಮತ, ಆಮೇಲೆ ದೇಶವಾರು ಮತ. ಬೇಕಾದ ಬಹುಮತವನ್ನು ಮತಗಳಿಗಿಂತ ಮೊದಲು ಓದಬೇಕು. ಎಣಿಕೆದಾರರು ನಾಲ್ವರು, ಬೇರೆ ಬೇರೆ ಪ್ರದೇಶದವರು, ಎರಡೂ ಅಭ್ಯರ್ಥಿ ದೇಶದವರು ಅಲ್ಲ.

ಮತ ಹಂಚಿಕೆ. 152ರಲ್ಲಿ 77–68 ಇದ್ದದ್ದನ್ನು 60ಕ್ಕೆ ಇಳಿಸಿದರೆ ಹತ್ತಿರ ಹತ್ತಿರ 30–27, ಮೂವರು ಯಾವ ಕಡೆಗೂ ಇಲ್ಲ. ಪ್ರತಿಯೊಬ್ಬರಿಗೂ "ರಾಜಧಾನಿಯ ಸೂಚನೆ" ಎಂಬ ಮಡಚಿದ ಚೀಟಿ ಕೊಡಿ. ಎರಡೂ ಪಾಳೆಯದಲ್ಲಿ ತಲಾ 14 ಮಂದಿಗೆ "ಕೊನೆಯ ತನಕ ಜಗ್ಗಬೇಡಿ". ಉಳಿದವರಲ್ಲಿ ಕೆಲವರಿಗೆ "ಮೊದಲ ಸುತ್ತಿಗೆ ಮಾತ್ರ ಮಾತು ಕೊಟ್ಟಿದ್ದೇವೆ". ನ್ಯೂಯಾರ್ಕಿನಲ್ಲೂ ಬರೆದುಕೊಟ್ಟ ಬೆಂಬಲ ಎಷ್ಟೋ ಸಲ ಮೊದಲ ಸುತ್ತಿಗಷ್ಟೇ, ಎರಡನೆಯದಕ್ಕೆ ಮತ್ತೆ ಕೇಳಬೇಕು. ಹಾಗೆ ಕೇಳದ ಅಭ್ಯರ್ಥಿಯ ಮತ ಎರಡನೇ ಸುತ್ತಿಗೇ ಕರಗುತ್ತದೆ.

ಊಟದ ಮೇಲೆ, ಎಂಟನೇ ಸುತ್ತಿಗೆ ಮುಂಚೆ ಅಫ್ಘಾನಿಸ್ತಾನದ ಸುದ್ದಿ ಓದಿಸಿ. ಕ್ಯೂಬಾ ಪಾಳೆಯದ ಸಡಿಲ ಮತಗಳಿಗೆ "ಕ್ಯೂಬಾ ಬಿಡಬಹುದು, ಕೊಲಂಬಿಯಾಕ್ಕೆ ಹಾಕುವಂತಿಲ್ಲ" ಎಂದು ಎರಡನೇ ಸೂಚನೆ ಹೋಗಲಿ. ಇಲ್ಲೇ ದೊಡ್ಡ ಹಳ್ಳ ಇದೆ, ಜೋಕೆ. ಸೀಮಿತ ಸುತ್ತಿನಲ್ಲಿ ಅವರಿಗೆ ಉಳಿಯುವುದು ತಟಸ್ಥ ಒಂದೇ. ತಟಸ್ಥರು ಹೆಚ್ಚಾದಂತೆ ಗೆಲುವಿನ ಗೆರೆ ಕೆಳಗೆ ಇಳಿಯುತ್ತದೆ. 30ರಲ್ಲಿ 16 ಮಂದಿ ಖಾಲಿ ಚೀಟಿ ಹಾಕಿದರೆ ಮತ ಹಾಕಿದವರು 44, ಬೇಕಾದ್ದು 30. ಅತ್ತಿತ್ತ ಇದ್ದ ಮೂವರೂ ಕೊಲಂಬಿಯಾಕ್ಕೆ ಬಂದರೆ 27ಕ್ಕೆ 3 ಸೇರಿ ಸರಿಯಾಗಿ 30. ಎಂಟನೇ ಸುತ್ತಿಗೇ ಕೊಲಂಬಿಯಾ ಗೆದ್ದು ಆಟ ಮುಗಿಯಿತು. 12 ಮಂದಿ ತಟಸ್ಥರಾದರೆ 48ಕ್ಕೆ 32 ಬೇಕು, ಕೊಲಂಬಿಯಾ 30ಕ್ಕೇ ನಿಲ್ಲುತ್ತದೆ. ಹಾಗಾಗಿ ಎರಡನೇ ಸೂಚನೆಯನ್ನು 12ಕ್ಕಿಂತ ಹೆಚ್ಚು ಜನರಿಗೆ ಕೊಡಬೇಡಿ. ಕ್ಯೂಬಾಗೆ ಉಳಿಯುವುದು 18. ತಾನು ಗೆಲ್ಲಲು ಏನೂ ಸಾಲದು, ಕೊಲಂಬಿಯಾವನ್ನು ತಡೆಯಲು ಸಾಕು. ಎರಡು ತಂಡಕ್ಕೂ ಅದು ಅರ್ಥವಾದ ಕ್ಷಣದಿಂದ ನಿಜವಾದ ಮಾತುಕತೆ ಶುರು.

ತೋಳಹುಣಸೆ_ಗೇಟ್

ಬಹಳ ಉಪಕಾರ ಆಯಿತು. ಇನ್ನೆರಡು. ತಂಡಗಳು ಮೂರನೇ ದೇಶ ಬೇಡ, ಅವಧಿಯನ್ನೇ ಹಂಚಿಕೊಳ್ಳುತ್ತೇವೆ ಅಂದರೆ ಒಪ್ಪಬೇಕಾ? ಒಪ್ಪಿದರೆ ಅದನ್ನು ಮತದಾನದಲ್ಲಿ ತೋರಿಸುವುದು ಹೇಗೆ? ಮತ್ತೆ 4.30ಕ್ಕೂ ಬಗೆಹರಿಯದಿದ್ದರೆ ಏನು ಘೋಷಿಸುವುದು?

ಭದ್ರಾ_ನಾಲೆ

ಒಪ್ಪಿ, ಆದರೆ ಸುಲಭ ಮಾಡಿಕೊಡಬೇಡಿ. ಒಂದು ವರ್ಷದ ಅವಧಿ ಅನ್ನುವುದು ಸನ್ನದಿನಲ್ಲಿ ಇಲ್ಲ, ಆಯ್ಕೆ ಎರಡು ವರ್ಷಕ್ಕೇ. 2016ರಲ್ಲಿ ಮಾಡಿದ್ದು ಇಷ್ಟು: ನೆದರ್ಲೆಂಡ್ಸ್ ಹಿಂದೆ ಸರಿಯಿತು, ಪಶ್ಚಿಮ ಯುರೋಪ್ ಗುಂಪು ಒಪ್ಪಂದವನ್ನು ಬೆಂಬಲಿಸಿತು, ಇಟಲಿ ಆರನೇ ಸುತ್ತಿನಲ್ಲಿ 179 ಮತ ಪಡೆದು ಪೂರ್ಣ ಅವಧಿಗೇ ಆಯ್ಕೆಯಾಯಿತು. 2017ರ ಕೊನೆಗೆ ಇಟಲಿ ಜಾಗ ಬಿಡುವುದು, ಉಳಿದ ಒಂದು ವರ್ಷಕ್ಕೆ ಉಪಚುನಾವಣೆ. ಅದನ್ನು 2017ರ ಜೂನ್‌ನಲ್ಲೇ ನಡೆಸಿ ನೆದರ್ಲೆಂಡ್ಸನ್ನು ಆರಿಸಿದರು. ಆ ಉಪಚುನಾವಣೆಗೂ ಮೂರನೇ ಎರಡರಷ್ಟು ಬೇಕು, ಮತ ಗುಪ್ತ. ಇಬ್ಬರ ನಡುವಿನ ಮಾತು ಉಳಿದವರನ್ನು ಕಟ್ಟಿಹಾಕುವುದಿಲ್ಲ. ಮೊದಲ ವರ್ಷ ಕೂತವನು ರಾಜೀನಾಮೆ ಕೊಡದಿದ್ದರೆ ಕೊಡಿಸುವ ನಿಯಮವೂ ಇಲ್ಲ.

ಅಣಕು ಸಭೆಯಲ್ಲಿ ಹೀಗೆ ಮಾಡಿ: ಇಬ್ಬರೂ ಸಹಿ ಹಾಕಿದ ಪತ್ರವನ್ನು ಲ್ಯಾಟಿನ್ ಅಮೆರಿಕ ಗುಂಪಿನ ಅಧ್ಯಕ್ಷರು ಸಭೆಗೆ ಓದಬೇಕು, ಮೊದಲ ವರ್ಷ ಯಾರದ್ದು ಎಂಬುದು ಅದರಲ್ಲಿ ಸ್ಪಷ್ಟ ಇರಬೇಕು. ಆಮೇಲೆ ಎರಡು ಮತದಾನ ಬೆನ್ನು ಬೆನ್ನಿಗೆ. ಮೊದಲನೆಯದು ಪೂರ್ಣ ಅವಧಿಗೆ, ಎರಡನೆಯದು "ಉಪಚುನಾವಣೆ". 20 ನಿಮಿಷ ಬೇಕು, ಅಂದರೆ 4.05ರ ಒಳಗೆ ಪತ್ರ ಬರಬೇಕು. ಮೊದಲ ವರ್ಷಕ್ಕಾಗಿ ಇಬ್ಬರೂ ಜಗಳವಾಡುತ್ತಾ ಆ ಹೊತ್ತು ಮೀರಿಸುವ ಸಾಧ್ಯತೆಯೇ ಹೆಚ್ಚು. 1979ರ ಶೀತಲ ಸಮರದ ಮೂಡಿಗೆ ಈ ದಾರಿ ಅಷ್ಟು ಒಗ್ಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ, ಆದರೆ ವಿದ್ಯಾರ್ಥಿಗಳೇ ಕಂಡುಕೊಂಡರೆ ತಡೆಯಬೇಡಿ.

ಬಗೆಹರಿಯದಿದ್ದರೆ ಅಧ್ಯಕ್ಷರು ಸಭೆ ಮುಂದೂಡಿ, ಖುರ್ಚಿ ಖಾಲಿ ಎಂದು ಘೋಷಿಸಲಿ. ಸುಳ್ಳು ಮುಕ್ತಾಯ ಬೇಡ. 1980ರ ಜನವರಿ 1ರಿಂದ ಏಳರ ತನಕ ಹಾಗೇ ಇತ್ತು. 5ನೇ ತಾರೀಕು ಅಫ್ಘಾನಿಸ್ತಾನದ ವಿಚಾರಕ್ಕೆ ಮಂಡಳಿ ಸೇರಿದಾಗ ಅದರಲ್ಲಿದ್ದದ್ದು 14 ದೇಶ. ಈಗ ಇಂಥದ್ದು ಆಗುವ ಸಂಭವ ಕಡಿಮೆ, ಏಕೆಂದರೆ 2016ರಿಂದ ಚುನಾವಣೆಯನ್ನು ಅಕ್ಟೋಬರ್ ಬದಲು ಜೂನ್‌ಗೆ ತಂದಿದ್ದಾರೆ, ಜಗಳಕ್ಕೆ ಆರು ತಿಂಗಳ ಬಿಡುವು ಸಿಗುತ್ತದೆ. ಆಗ ಇದ್ದದ್ದು ಎರಡು ತಿಂಗಳು ಚಿಲ್ಲರೆ ಮಾತ್ರ.

ಮಂಡಿಪೇಟೆ_ಕಾಗದ

ಒಂದು ಸೇರಿಸುತ್ತೇನೆ. ಮೆಕ್ಸಿಕೊ ಯಾರಿಗೆ ಕೊಡುತ್ತೀರೋ ಆ ವಿದ್ಯಾರ್ಥಿಗೆ ಏನೂ ಹೇಳಬೇಡಿ. ಅವನ ಸೂಚನೆ ಚೀಟಿಯಲ್ಲಿ "ನಾವು ಅಭ್ಯರ್ಥಿಯಲ್ಲ" ಅಂತಷ್ಟೇ ಇರಲಿ. ಜತೆಗೆ ವೆನೆಜುವೆಲಾ, ಪೆರು, ಕೋಸ್ಟರಿಕಾ, ಈಕ್ವೆಡಾರ್‌ಗಳಿಗೂ ಅದೇ ಒಕ್ಕಣೆ. ಇಲ್ಲದಿದ್ದರೆ ಐದನೇ ಸುತ್ತಿಗೇ ಎಲ್ಲರೂ ಗೂಗಲ್ ಮಾಡಿ ಮೆಕ್ಸಿಕೊ ಅಂತ ಬರೆದುಬಿಡುತ್ತಾರೆ. ಸಾಧ್ಯವಾದರೆ ಕರಪತ್ರದಲ್ಲಿ ವರ್ಷವನ್ನೂ ಹಾಕಬೇಡಿ, ಅಫ್ಘಾನಿಸ್ತಾನದ ಸುದ್ದಿ ಬರುವ ತನಕ ಅದು ಯಾರಿಗೂ ಬೇಕಾಗುವುದಿಲ್ಲ.